ಬೆನ್ನು ತಿರುಗಿಸಿ ಹಾಕಿದ ಸಹಿ

ಇದನ್ನು ಹೇಳಲು ನಾನು ಯೋಗ್ಯಳಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನಡೆಯುವಾಗ ನಾನು ಅಲ್ಲೇ ಇದ್ದೆ, ಆದರೆ ನೋಡಲಿಲ್ಲ. ನೋಡದವಳು ಬಾಯಿ ಬಿಡಬಾರದು. ಅಲ್ಲದೆ ನಾನು ಹಗಲು ಕ್ಲಿನಿಕ್ಕಿನ ನೆಲ ಒರೆಸಿ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳು. ಒಂದು ವಾಕ್ಯ ಬರೆದರೆ ಎರಡು ಸಲ ಹೊಡೆದುಹಾಕುತ್ತೇನೆ. ಆದರೂ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ಬರವಣಿಗೆಯಲ್ಲಿ ಇರುವುದು ಒಂದೇ ಕಾಗದ. ಅದರ ಕೆಳಗೆ ನನ್ನ ಸಹಿ ಇದೆ.

ನನ್ನ ಹೆಸರು ರೋಸ್ಲಿನ್. ಡನ್‌ಸ್ಟರ್ ಊರಿನಿಂದ ಏಳು ಕಿಲೋಮೀಟರ್ ಆಚೆ ನಮ್ಮ ಕೇರಿ. ಊರು ಬಿಳಿಯರದು, ಕೇರಿ ಈ ನೆಲದ ಮೂಲನಿವಾಸಿಗಳಾದ ನಮ್ಮದು. ನಡುವೆ ಒಣಗಿದ ನದಿ, ಅದರ ಮೇಲೆ ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆ. ಅಂಗಡಿ, ಆಸ್ಪತ್ರೆ, ಕೋರ್ಟು, ಹೆಂಡದಂಗಡಿ ಎಲ್ಲ ಊರಲ್ಲಿ. ಕೇರಿಯೊಳಗೆ ಹೆಂಡ ತರಬಾರದು ಎಂದು ನಮ್ಮ ಹೆಂಗಸರೇ ಹಟ ಹಿಡಿದು ನಿಯಮ ಮಾಡಿಸಿದ್ದರು. ಹಾಗಾಗಿ ಕುಡಿಯುವವರು ಊರಿಗೆ ಹೋಗಿ ಕುಡಿಯುತ್ತಿದ್ದರು. ಬರುವಾಗ ಸೇತುವೆ ದಾಟಿಯೇ ಬರಬೇಕು.

ನನ್ನ ತಮ್ಮ ಆ ಸೇತುವೆಯ ಕೆಳಗೆ ಸತ್ತ. ಗಾಡಿ ಓಡಿಸುತ್ತಿದ್ದವನು ಅವನೇ, ಕುಡಿದಿದ್ದವನೂ ಅವನೇ. ಹಿಂದೆ ಕೂತಿದ್ದ ಮೂವರೂ ಹೋದರು. ಅವನ ಹೆಸರನ್ನು ಬರೆಯುವುದಿಲ್ಲ. ಸತ್ತವರ ಹೆಸರನ್ನು ನಾವು ಎತ್ತುವುದಿಲ್ಲ.

ಇನ್ನೊಂದು ಹೆಸರನ್ನೂ ನಾನು ಬರೆಯುವುದಿಲ್ಲ. ಅದು ಅಳಿಯನ ಹೆಸರು.

ಅವರು ನನಗಿಂತ ಮೂವತ್ತು ವರ್ಷಕ್ಕೆ ದೊಡ್ಡವರು. ನನಗೆ ಮಗಳೂ ಇಲ್ಲ. ಆದರೆ ನಮ್ಮಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ. ಆ ಪ್ರಕಾರ ಅವರು ಅಳಿಯ, ನಾನು ಅತ್ತೆ. ಅತ್ತೆ ಅಳಿಯ ಮುಖ ನೋಡಬಾರದು. ಮಾತಾಡಬಾರದು. ಒಬ್ಬರ ಕಿವಿಗೆ ಬೀಳುವಂತೆ ಇನ್ನೊಬ್ಬರು ದನಿ ಎತ್ತಬಾರದು. ಕೈಯಿಂದ ಕೈಗೆ ಏನೂ ಕೊಡಬಾರದು. ಒಂದೇ ಗಾಡಿಯಲ್ಲಿ ಕೂರಬಾರದು. ಅವರು ಎದುರು ಬಂದರೆ ನಾನು ಬೆನ್ನು ತಿರುಗಿಸಬೇಕು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅವರು ಕೇರಿಯ ಕ್ಲಿನಿಕ್ಕಿಗೆ ಬಂದಾಗ ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದೆ. ಅವರ ಎದೆಯ ಸದ್ದು ಮಾತ್ರ ತಗಡಿನ ಗೋಡೆ ದಾಟಿ ಹೊರಗೆ ಬರುತ್ತಿತ್ತು.

ಆ ಸದ್ದು ಗಣಿಯದು. ಹರೆಯದಲ್ಲಿ ಅವರು ನೀಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಗಣಿಯಲ್ಲಿ ಚೀಲ ತುಂಬುತ್ತಿದ್ದರು. ಕಲ್ನಾರನ್ನು ಸಲಿಕೆಯಿಂದ ಚೀಲಕ್ಕೆ ಹಾಕುವುದು. ಚೀಲದೊಳಗೆ ಇಳಿದು ಬರಿಗಾಲಿನಲ್ಲಿ ತುಳಿದು ಗಟ್ಟಿ ಮಾಡುವುದು. ಹೊಲಿದು, ಬೆನ್ನ ಮೇಲೆ ಹೊತ್ತು ಲಾರಿಗೆ ಏರಿಸುವುದು. ಚಹಾದಲ್ಲಿ ದೂಳು, ರೊಟ್ಟಿಯಲ್ಲಿ ದೂಳು, ರೆಪ್ಪೆಯ ಮೇಲೆ ದೂಳು. ಬಿಳಿಯ ಕೆಲಸಗಾರರ ಹೆಸರು ಗಣಿಯ ಪಟ್ಟಿಯಲ್ಲಿತ್ತು. ನಮ್ಮವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರು ಅಲ್ಲಿ ದುಡಿದದ್ದಕ್ಕೆ ಅವರ ಕೆಮ್ಮು ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಅವರು ಒಂದು ತೊಟ್ಟೂ ಕುಡಿದವರಲ್ಲ. "ಗಂಟ್ಲು ಆಗ್ಲೇ ಸುಟ್ಟೋಗಿದೆ, ಅದಕ್ಕೆ ಹೆಂಡ ಬೇರೆ ಯಾಕೆ" ಎನ್ನುತ್ತಿದ್ದರಂತೆ. ನನ್ನ ತಮ್ಮನನ್ನು ಮಣ್ಣು ಮಾಡಿದ ಮೇಲೆ ಕೇರಿಯ ಹೆಂಗಸರು ಕ್ಲಿನಿಕ್ಕಿನ ಹಳೆಯ ವ್ಯಾನನ್ನು ಕೇಳಿ ಪಡೆದರು. ಅಳಿಯ ಡ್ರೈವರಾದರು. ದಿನವೂ ಮಧ್ಯಾಹ್ನ ಊರಿಗೆ ಹೋಗುವುದು, ಹೆಂಡದಂಗಡಿಯ ಮುಂದೆ ನಿಲ್ಲುವುದು, ಹಾರನ್ ಒತ್ತುವುದು. ಬಂದವರನ್ನೆಲ್ಲ ತುಂಬಿಕೊಂಡು ಮನೆಮನೆಗೆ ಇಳಿಸುವುದು. ಒಂಬತ್ತು ವರ್ಷ ಮಾಡಿದರು. ಆ ಒಂಬತ್ತು ವರ್ಷದಲ್ಲಿ ನಮ್ಮ ಕೇರಿಯ ಒಬ್ಬನೂ ರಸ್ತೆಯ ಮೇಲೆ ಸಾಯಲಿಲ್ಲ.

ಆಮೇಲೆ ಸರ್ಕಾರದ ಯೋಜನೆ ಬಂತು.

ಪರ್ತ್‌ನಿಂದ ಜಿಲಿಯನ್ ಎಂಬಾಕೆ ಬಂದಳು. ಕುಡಿದು ಗಾಡಿ ಓಡಿಸುವುದನ್ನು ತಡೆಯಲು ರಸ್ತೆಯಲ್ಲಿ ಉಸಿರು ಪರೀಕ್ಷೆ ಹೆಚ್ಚು ಮಾಡುತ್ತೇವೆ, ಸಮುದಾಯದವರನ್ನು ಜೊತೆಗೆ ಇಟ್ಟುಕೊಂಡೇ ಮಾಡುತ್ತೇವೆ, ನಿಮ್ಮ ಸಂಸ್ಕೃತಿಯನ್ನು ಗೌರವಿಸುತ್ತೇವೆ ಎಂದಳು. ತುಂಬ ನಗುತ್ತಿದ್ದಳು. ಸಮುದಾಯ ಸಂಪರ್ಕ ಕಾರ್ಯಕರ್ತೆ ಎಂಬ ಕೆಲಸಕ್ಕೆ ನನ್ನನ್ನು ಆರಿಸಿದಳು. ಯಾಕೆ ನನ್ನನ್ನು? ನನಗಿಂತ ಚೆನ್ನಾಗಿ ಮಾತಾಡುವವರಿದ್ದರು. ನನಗಿಂತ ಧೈರ್ಯ ಇದ್ದವರೂ ಇದ್ದರು. ಧೈರ್ಯ ಇಲ್ಲ ಎಂದೇ ಆರಿಸಿದಳೋ ಏನೋ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ನಾನು ತಮ್ಮನನ್ನು ನೆನೆದು ಒಪ್ಪಿಕೊಂಡೆ. ಉಸಿರು ಪರೀಕ್ಷೆ ಒಳ್ಳೆಯದು ಎಂದು ಇವತ್ತಿಗೂ ನಂಬುತ್ತೇನೆ. ಆವತ್ತು ಸೇತುವೆಯ ಬಳಿ ಯಾರಾದರೂ ಅವನನ್ನು ನಿಲ್ಲಿಸಿದ್ದರೆ ಅವನು ಬದುಕಿರುತ್ತಿದ್ದ.

ಹಳದಿ ಅಂಗಿ ಕೊಟ್ಟರು. ನನ್ನ ಚಿಕ್ಕಮ್ಮ ಆಲ್ಮಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಚೆನ್ನಾಗಿದೆ ಕಣೇ. ಪೊಲೀಸ್ನೋನ ಹೆಂಡ್ತಿ ಒಣಗೋಕೆ ಹಾಕಿದ್ದನ್ನ ಕದ್ಕೊಂಡು ಬಂದಂಗಿದೆ."

"ಕೆಲ್ಸ ಚಿಕ್ಕಮ್ಮ. ಒಳ್ಳೇದಕ್ಕೇ ಮಾಡ್ತಿದಾರೆ."

"ಯಾರ ಒಳ್ಳೇದಕ್ಕೆ? ಎಲ್ಲಿ ನಿಲ್ತಾರಂತೆ?"

"ಎಲ್ಲಾ ಕಡೆ."

"ನೋಡೋಣ."

ನೋಡಿದೆವು. ಮೊದಲ ಹನ್ನೊಂದು ಸಲದಲ್ಲಿ ಒಂಬತ್ತು ಸಲ ನಮ್ಮ ಸೇತುವೆಯ ಬಳಿಯೇ ನಿಂತರು. ಉಳಿದೆರಡು ಸಲ ಹೆದ್ದಾರಿಯಲ್ಲಿ. ಊರಿನ ಕ್ಲಬ್ಬಿನ ಮುಂದೆ ಒಂದು ಸಲವೂ ಇಲ್ಲ. ವರ್ಷಕ್ಕೊಮ್ಮೆ ಡನ್‌ಸ್ಟರ್‌ನಲ್ಲಿ ಕುದುರೆ ರೇಸು. ಆವತ್ತು ಊರಿಗೆ ಊರೇ ಬೆಳಗ್ಗೆಯಿಂದ ಕುಡಿಯುತ್ತದೆ. ಹ್ಯಾಟು ಹಾಕಿದ ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ಗಾಡಿ ಹತ್ತುತ್ತಾರೆ. ಯೋಜನೆಯ ಸಭೆಯಲ್ಲಿ ನಾನು ಕೈ ಎತ್ತಿದೆ.

"ರೇಸಿನ ದಿನ ರೇಸ್ ಮೈದಾನದ ರಸ್ತೇಲಿ ನಿಲ್ಲಬಹುದಲ್ವಾ?"

ಸಾರ್ಜೆಂಟ್ ಪ್ರಿಚರ್ಡ್ ಜಿಲಿಯನ್ನಳ ಮುಖ ನೋಡಿ ನಕ್ಕ. "ಅಲ್ಲಿ ಗಾಡಿ ಸೈಡಿಗೆ ಹಾಕೋಕೆ ಜಾಗ ಇಲ್ಲಮ್ಮ ರೋಸ್ಲಿನ್."

ರೇಸ್ ಮೈದಾನದ ರಸ್ತೆಯ ಎರಡೂ ಬದಿ ಬಯಲು. ನೂರು ಗಾಡಿ ನಿಲ್ಲುವಷ್ಟು. ನಮ್ಮ ಸೇತುವೆಯ ಬಳಿ ಎರಡು ಗಾಡಿ ನಿಲ್ಲಲೂ ಜಾಗ ಸಾಲದು. ನನಗೆ ಗೊತ್ತಿತ್ತು. ನಾನು ಕೈ ಇಳಿಸಿದೆ.

ರೇಸಿನ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ನಾವು ಸೇತುವೆಯ ಬಳಿ ನಿಂತಿದ್ದೆವು. ಸಾರ್ಜೆಂಟ್, ಇನ್ನೊಬ್ಬ ಪೊಲೀಸಿನವನು, ನಾನು. ನನ್ನ ಕೈಯಲ್ಲಿ ಊದುವ ಕೊಳವೆಗಳ ಡಬ್ಬಿ. ಬಿಸಿಲಿಗೆ ರಸ್ತೆಯ ಟಾರು ಬೂಟಿಗೆ ಅಂಟುತ್ತಿತ್ತು. ಊರ ಕಡೆಯಿಂದ ಮೈಕಿನ ಸದ್ದು, ಜನರ ಕೂಗು ಕೇಳುತ್ತಿತ್ತು. ಅಲ್ಲಿ ಓಡುತ್ತಿದ್ದದ್ದು ಕುದುರೆಗಳು. ನಿಂತಿದ್ದದ್ದು ಇಲ್ಲಿ ನಾವು.

ವ್ಯಾನು ಬಂತು.

ನಾವು ನಿಂತ ಹೊತ್ತಿಗೆ ಅದು ಬಂದದ್ದು ಅದೇ ಮೊದಲು. ದೂರದಿಂದಲೇ ಗುರುತಿಸಿದೆ. ಡಬ್ಬಿಯನ್ನು ಪೊಲೀಸ್ ಕಾರಿನ ಬಾನೆಟ್ ಮೇಲೆ ಇಟ್ಟು, ಕಾರಿನ ಹಿಂದೆ ಹೋಗಿ, ನದಿಯ ಕಡೆ ಮುಖ ಮಾಡಿ ನಿಂತೆ. ಯೋಚಿಸಿ ಮಾಡಿದ್ದಲ್ಲ. ನನ್ನ ಬೆನ್ನಿಗೆ ಅದು ತಾನಾಗಿ ಗೊತ್ತು.

ಇನ್ನು ಮುಂದಿನದು ಕೇಳಿದ್ದು ಮಾತ್ರ.

ಬ್ರೇಕಿನ ಸದ್ದು. ಕಿಟಕಿ ಇಳಿಸಿದ ಸದ್ದು. ಒಳಗೆ ಯಾರೋ ಹಾಡುತ್ತಿದ್ದರು. ಅದು ಆಲ್ಮಾ ಚಿಕ್ಕಮ್ಮನ ಮಗ ಡೆಸ್ಮಂಡ್.

"ಏನಪ್ಪಾ ಇದು ವಾಸ್ನೆ!" ಸಾರ್ಜೆಂಟನ ದನಿ.

ವ್ಯಾನಿನಲ್ಲಿ ವಾಸನೆ ಇರದೆ ಇನ್ನೇನು? ಕುಡಿದವರನ್ನು ಹೊತ್ತು ತರುವುದೇ ಆ ವ್ಯಾನಿನ ಕೆಲಸ.

"ನಂಗೆ ಕೊಡಿ ಸಾರ್, ನಾನು ಊದ್ತೀನಿ!" ಡೆಸ್ಮಂಡ್ ಕೂಗಿದ. "ನಿಮ್ ಮಶೀನು ನನ್ ಜೊತೆ ಹಾಡೇ ಹೇಳುತ್ತೆ!" ಹೆಂಗಸರು ನಕ್ಕರು.

"ಬಾಯಿ ಮುಚ್ಚೋ. ನೀನು ಊದು ಮುದ್ಕಪ್ಪ. ಜೋರಾಗಿ."

ಕೆಮ್ಮು.

"ಊದು ಅಂದೆ. ಕೆಮ್ಮು ಅನ್ಲಿಲ್ಲ."

ಮತ್ತೆ ಕೆಮ್ಮು. ಉದ್ದನೆಯದು.

"ಈ ಕಡೆ ತಿರುಗು. ನನ್ನ ನೋಡು. ಏಯ್, ಮಾತಾಡಕ್ಕೆ ಬರಲ್ವಾ?"

ಉತ್ತರ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ಅತ್ತೆ ನಿಂತಿದ್ದಾಳೆ. ಅಳಿಯ ಬಾಯಿ ತೆರೆಯುವುದಿಲ್ಲ. ಹ್ಯಾಟನ್ನು ಕೆಳಗೆ ಎಳೆದು, ಮುಖವನ್ನು ಆಚೆ ತಿರುಗಿಸಿ ಕೂತಿರುತ್ತಾರೆ. ಕೂತಿರಲೇಬೇಕು.

"ರೋಸ್ಲಿನ್! ಬಾ ಇಲ್ಲಿ. ನಿಮ್ಮೋನಿಗೆ ಹೇಳು ಊದೋಕೆ. ಅದಕ್ಕೇ ತಾನೆ ನಿನ್ನ ಇಟ್ಕೊಂಡಿರೋದು?"

ನಾನು ತಿರುಗಲಿಲ್ಲ. ಅವರ ಎದೆ ಕೆಟ್ಟಿದೆ, ಅವರಿಗೆ ಊದಲು ಆಗುವುದಿಲ್ಲ ಎಂದು ಕೂಗಬಹುದಿತ್ತು. ದನಿ ಎತ್ತಿದರೆ ಅವರ ಕಿವಿಗೆ ಬೀಳುತ್ತದೆ. ನಾನು ಅಲ್ಲಿ ಇರದಿದ್ದರೆ ಅವರೇ ಹೇಳುತ್ತಿದ್ದರು. ಸಂಸ್ಕೃತಿಯನ್ನು ಗೌರವಿಸಲು ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ನಾನು ನಿಂತದ್ದೇ ಅವರ ಬಾಯಿ ಕಟ್ಟಿತು.

ಬಾಗಿಲು ತೆರೆದ ಸದ್ದು. ಬೀಗದ ಕೈ ಕಿತ್ತುಕೊಂಡ ಸದ್ದು. ಹೆಂಗಸರ ನಗು ನಿಂತಿತು. "ಎಲ್ಲಾ ಇಳೀರಿ. ನಡ್ಕೊಂಡು ಹೋಗಿ."

"ನಾಲ್ಕು ಕಿಲೋಮೀಟ್ರು ಇದೆ ಸಾರ್. ಈ ಬಿಸ್ಲಲ್ಲಿ?"

"ಕಾಲಿದೆಯಲ್ಲ."

ಅವರು ನಡೆದರು. ಚೀಲಗಳು ಕಾಲಿಗೆ ಬಡಿಯುವ ಸದ್ದು ದೂರವಾಯಿತು. ಅಳಿಯನನ್ನು ಇನ್ನೊಬ್ಬ ಪೊಲೀಸಿನವನು ಠಾಣೆಗೆ ಕರೆದೊಯ್ದ ಮೇಲೆಯೇ ನಾನು ತಿರುಗಿದ್ದು. ಸಾರ್ಜೆಂಟ್ ಬಾನೆಟ್ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದ.

"ಇಲ್ಲಿ ಸಹಿ ಹಾಕು. ನೀನು ಇಲ್ಲಿದ್ದೆ ಅನ್ನೋದಕ್ಕೆ ಅಷ್ಟೇ."

ಸಂಜೆ ಶಾಲೆಯ ಮೇಡಂ ಮೊದಲ ದಿನ ಕಲಿಸಿದ ಪಾಠ, ಓದದೆ ಸಹಿ ಹಾಕಬೇಡಿ. ನಾನು ಮೇಲಿನ ಅರ್ಧ ಓದಿದೆ. ದಿನಾಂಕ, ಜಾಗ, ಗಾಡಿಯ ನಂಬರು. ಬಾನೆಟ್ ಕಾದಿತ್ತು, ಮಣಿಕಟ್ಟು ಚುರ್ ಎಂದಿತು. ಆತ ಪೆನ್ನು ಹಿಡಿದು ಕಾಯುತ್ತಿದ್ದ. ಸಹಿ ಹಾಕಿದೆ.

ಆ ಕಾಗದದಲ್ಲಿ ಏನಿದೆ ಎಂದು ಎರಡು ವಾರದ ನಂತರ ತಿಳಿಯಿತು. ನಮ್ಮವರ ಕೇಸು ನಡೆಸಲು ಬರುವ ವಕೀಲೆ ಕ್ಲಿನಿಕ್ಕಿಗೆ ಬಂದು ಓದಿ ಹೇಳಿದಳು. 'ಚಾಲಕನು ಊದಲು ಯಾವುದೇ ಪ್ರಯತ್ನ ಮಾಡಲಿಲ್ಲ. ಮುಖ ತಿರುಗಿಸಿದನು. ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿದನು. ವಾಹನದಲ್ಲಿ ಮದ್ಯದ ವಾಸನೆ ಇತ್ತು.' ಕೆಳಗೆ, 'ಇದನ್ನು ಸಮುದಾಯ ಸಂಪರ್ಕ ಕಾರ್ಯಕರ್ತೆ ಕಣ್ಣಾರೆ ಕಂಡಿರುತ್ತಾರೆ.'

"ಎದೆ ಕೆಟ್ಟಿದೆ ಅಂತ ಡಾಕ್ಟರ್ ಚೀಟಿ ಕೊಟ್ಟರೆ ಸಾಲಲ್ವಾ?" ಎಂದೆ.

"ಪ್ರಯತ್ನ ಮಾಡಿ ಆಗ್ಲಿಲ್ಲ ಅಂದ್ರೆ ಚೀಟಿ ಕೆಲ್ಸಕ್ಕೆ ಬರುತ್ತೆ. ಪ್ರಯತ್ನವೇ ಮಾಡ್ಲಿಲ್ಲ ಅಂತ ನೀವೇ ಸಹಿ ಹಾಕಿದೀರಲ್ಲ. ವ್ಯಾನಲ್ಲಿದ್ದೋರೆಲ್ಲ ಕುಡಿದಿದ್ರು, ಅವರ ಮಾತು ಅಲ್ಲಿ ನಡೆಯಲ್ಲ. ಠಾಣೇಲಿ ಪೊಲೀಸರು ಇನ್ನೊಂದ್ಸಲ ಕೊಳವೆ ಕೊಡ್ಲೇ ಇಲ್ವಂತೆ. ಒಂದು ಸಲ ನಿರಾಕರಿಸಿದ ಮೇಲೆ ಇನ್ನೇನು ಅಂದ್ರಂತೆ. ಊದದೇ ಇದ್ರೆ ಪೂರ್ತಿ ಕುಡಿದವನಿಗೆ ಏನು ಶಿಕ್ಷೆಯೋ ಅದೇ. ಲೈಸೆನ್ಸ್ ಹೋಗುತ್ತೆ. ತಪ್ಪೊಪ್ಪಿಕೊಂಡ್ರೆ ಸ್ವಲ್ಪ ಕಮ್ಮಿ ಆಗಬಹುದು ಅಂತ ಹೇಳಿದೆ. ಒಪ್ತಿಲ್ಲ ಅವರು. 'ಕುಡಿದಿಲ್ಲ' ಅಂತಾರೆ. ಅಷ್ಟೇ ಅಂತಾರೆ."

ಕೇಸು ಮುಗಿಯುವ ತನಕ ಅಳಿಯ ಓಡಿಸುವ ಹಾಗಿರಲಿಲ್ಲ, ವ್ಯಾನು ನಿಂತಿತ್ತು. ಬೇರೆ ಯಾರ ಬಳಿಯೂ ಆ ಗಾಡಿ ಓಡಿಸುವ ಲೈಸೆನ್ಸ್ ಇರಲಿಲ್ಲ. ಜನ ಊರಿಗೆ ಹೋಗುವುದನ್ನು ಬಿಡಲಿಲ್ಲ. ಸಿಕ್ಕ ಸಿಕ್ಕ ಗಾಡಿಯಲ್ಲಿ ಹೋದರು, ಸಿಕ್ಕ ಹಾಗೆ ಬಂದರು. ಪೊಲೀಸರನ್ನು ತಪ್ಪಿಸಲು ಸೇತುವೆ ಬಿಟ್ಟು ನದಿಯ ಮರಳಲ್ಲೇ ಗಾಡಿ ಇಳಿಸಿದರು. ಮೂರನೇ ವಾರ ಡೆಸ್ಮಂಡನ ಗಾಡಿ ದಡದಿಂದ ಉರುಳಿತು. ಎರಡೂ ಕಾಲು ಮುರಿಯಿತು.

ಮಾರನೆಯ ಬೆಳಗ್ಗೆ ಆಲ್ಮಾ ಚಿಕ್ಕಮ್ಮ ಬಂದಳು. ಕೂಗಾಡಲಿಲ್ಲ. ನನ್ನ ಹೊಸ್ತಿಲ ಮೇಲೆ ಕೂತಳು.

"ಸಹಿ ಹಾಕಿದ ಕೈ ತೋರ್ಸು ಮಗಳೇ."

ತೋರಿಸಿದೆ. ಅದನ್ನು ತನ್ನ ಅಂಗೈಯಲ್ಲಿಟ್ಟು ನೋಡಿದಳು. ಮಣಿಕಟ್ಟಿನ ಸುಟ್ಟ ಕಲೆ ಇನ್ನೂ ಇತ್ತು.

"ಈ ಕೈಯಿಗೆ ಓದು ಬರುತ್ತೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದೆ ನಾನು" ಎಂದಳು. ಅಷ್ಟೇ.

ನನಗೆ ಅಳು ಬಂತು. ಅತ್ತ ಮೇಲೆ ಕೇಳಿದೆ. "ಚಿಕ್ಕಮ್ಮ, ಅವರನ್ನ ಒಂದು ಮಾತು ಕೇಳ್ತೀಯಾ? ಆವತ್ತು ಕೊಳವೆ ಬಾಯಿಗೆ ಇಟ್ಕೊಂಡ್ರಾ? ಊದೋಕೆ ನೋಡಿದ್ರಾ?"

ಚಿಕ್ಕಮ್ಮ ಕೈ ಬಿಟ್ಟಳು. "ಹುಟ್ಟಿದಾಗಿಂದ ತೊಟ್ಟು ಕುಡೀದೋನ್ನ ಊದಿದ್ಯೋ ಇಲ್ವೋ ಅಂತ ನಾನೂ ಕೇಳ್ಬೇಕಾ? ಪೊಲೀಸ್ನೋನು ಕೇಳಿದ್ದು ಸಾಲ್ದಾ? ಆ ಹಳದಿ ಅಂಗಿ ಒಳಗಡೇನೂ ಹತ್ಕೊಂಡ್ಬಿಟ್ಟಿದೆ ನಿಂಗೆ."

ಹೋಗುವಾಗ ತಿರುಗಿ ನಿಂತಳು. "ಅವನು ಒಂದು ಮಾತು ಹೇಳಿ ಕಳ್ಸಿದಾನೆ. ಅವಳು ಬೆನ್ನು ತಿರುಗ್ಸಿದ್ದು ಸರಿ, ಅದ್ರಲ್ಲಿ ತಪ್ಪಿಲ್ಲ ಅಂತ."

ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಕೋರ್ಟಿನ ದಿನ ಜಿಲಿಯನ್ ಕೂಡ ಬಂದಿದ್ದಳು. "ಭಯ ಬೇಡ ರೋಸ್ಲಿನ್. ಕಾಗದದಲ್ಲಿ ಇರೋದನ್ನ ಹೇಳಿದ್ರೆ ಸಾಕು. ಯೋಜನೆಗೂ ಒಳ್ಳೇದು" ಎಂದು ಭುಜ ಒತ್ತಿದಳು. ನಾನು ಹಳದಿ ಅಂಗಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಅದನ್ನು ಅವಳ ಮಡಿಲಲ್ಲಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ.

ನನ್ನನ್ನು ಪೊಲೀಸರ ಕಡೆಯ ಸಾಕ್ಷಿ ಎಂದು ಕರೆದರು. ಅಳಿಯ ಎಡಗಡೆ ಕೂತಿದ್ದಾರೆ ಎಂದು ಎದೆಯ ಸದ್ದಿನಿಂದಲೇ ತಿಳಿಯಿತು. ಕಟಕಟೆ ಹತ್ತಿ, ಬಲಗಡೆಯ ಗೋಡೆಗೆ ಮುಖ ಮಾಡಿ, ಬೆನ್ನನ್ನು ಎಲ್ಲರಿಗೂ ಕೊಟ್ಟು ನಿಂತೆ.

"ಸಾಕ್ಷಿ ಈ ಕಡೆ ತಿರುಗಬೇಕು" ಎಂದರು ನ್ಯಾಯಾಧೀಶರು.

ತಿರುಗಲಿಲ್ಲ.

"ನಿಮಗೆ ಕೇಳಿಸ್ತಾ ಇದೆಯೇನಮ್ಮ?"

"ಕೇಳಿಸ್ತಿದೆ ಸಾರ್."

"ಹಾಗಾದ್ರೆ ತಿರುಗಿ. ಆರೋಪಿ ಯಾರು ಅಂತ ಕೈ ಮಾಡಿ ತೋರಿಸಿ. ಹೆಸರು ಹೇಳಿ."

"ಆಗಲ್ಲ ಸಾರ್."

"ಇದು ನ್ಯಾಯಾಲಯಕ್ಕೆ ಮಾಡೋ ಅಗೌರವ. ಇದರ ಪರಿಣಾಮ ಗೊತ್ತಾ?"

ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗೋಡೆಯ ಬಣ್ಣ ಒಂದು ಕಡೆ ಎದ್ದಿತ್ತು. ಅದನ್ನೇ ನೋಡುತ್ತ ಹೇಳಿದೆ. ಅವರ ಕಿವಿಗೆ ಬೀಳುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಜೀವನದಲ್ಲಿ ಮೊದಲ ಸಲ.

"ಗೌರವಕ್ಕೇ ತಿರುಗಿ ನಿಂತಿದೀನಿ. ಆವತ್ತೂ ಹೀಗೇ ನಿಂತಿದ್ದೆ. ಈಗ ನನ್ನ ಬೆನ್ನ ಹಿಂದೆ ಆ ಹಿರಿಯರು ಏನು ಮಾಡ್ತಿದಾರೆ ಅಂತ ಕೇಳಿ ಸಾರ್. ನಂಗೆ ಗೊತ್ತಿಲ್ಲ. ಆವತ್ತೂ ಗೊತ್ತಿರ್ಲಿಲ್ಲ. ನಾನು ಏನೂ ಕಂಡಿಲ್ಲ. ಕಂಡಿದೀನಿ ಅಂತ ಬರೆದಿದ್ದ ಕಾಗದಕ್ಕೆ ಪೂರ್ತಿ ಓದದೆ ಸಹಿ ಹಾಕಿದೆ. ಆ ಸಹಿ ಸುಳ್ಳು. ನಾನು ಅಲ್ಲಿದ್ದೆ ಅಂತ್ಲೇ ಅವರು ಮಾತಾಡ್ಲಿಲ್ಲ, ಮುಖ ತಿರುಗಿಸಿದ್ರು. ಅದು ನಿರಾಕರಣೆ ಅಲ್ಲ. ನಿರಾಕರಣೆ ಅಂದ್ರೆ ಇದು. ಈಗ ನಾನು ಮಾಡ್ತಿರೋದು."

ಪೊಲೀಸರ ವಕೀಲ ಎದ್ದ. ಸುಳ್ಳು ಸಹಿ ಶಿಕ್ಷೆಗೆ ಅರ್ಹ ಎಂದ. ತಿಳಿದೇ ಹೇಳುತ್ತಿದ್ದೇನೆ ಎಂದೆ. ತಿರುಗು ಎಂದು ಇನ್ನೂ ಎರಡು ಸಲ ಹೇಳಿದರು. ತಿರುಗಲಿಲ್ಲ. ಹಿಂದಿನ ಬೆಂಚಿನಿಂದ ಆಲ್ಮಾ ಚಿಕ್ಕಮ್ಮನ ದನಿ ಬಂತು. "ತಿರುಗಲ್ಲ ಅವಳು. ಬೇಕಾದ್ರೆ ನೀವೇ ಆ ಕಡೆ ಹೋಗಿ ನೋಡ್ಕೊಳ್ಳಿ!" ಅವಳನ್ನು ಹೊರಗೆ ಕಳಿಸಿದರು.

ಒಂದು ತಿಂಗಳ ನಂತರ ಕೇಸು ಹಿಂದಕ್ಕೆ ಪಡೆದರು. ಯಾಕೆ ಎಂದು ಹೇಳಲಿಲ್ಲ. ಯಾರೂ ಕ್ಷಮೆ ಕೇಳಲಿಲ್ಲ. ನನ್ನ ಕೆಲಸ ಹೋಯಿತು. ನನ್ನ ಮೇಲೆ ಕೇಸು ಹಾಕುತ್ತೇವೆ ಎಂದರು, ಇನ್ನೂ ಹಾಕಿಲ್ಲ. ಹಾಕದೆ ಇಟ್ಟುಕೊಂಡಿದ್ದಾರೆ.

ಅಳಿಯನ ಲೈಸೆನ್ಸ್ ಉಳಿಯಿತು ಎಂದು ಕೇರಿಯಲ್ಲಿ ಕಾಂಗರೂ ಬಾಲ ಸುಟ್ಟು ಊಟ ಮಾಡಿದೆವು. ಎರಡು ವಾರ ಅವರು ವ್ಯಾನು ಓಡಿಸಿದರು. ಆಮೇಲೆ ಇನ್ನೊಂದು ಕಾಗದ ಬಂತು. ಅವರ ಶ್ವಾಸಕೋಶ ಕೆಟ್ಟಿದೆ ಎಂದು ಡಾಕ್ಟರ್ ಬರೆದ ಚೀಟಿಯನ್ನು ವಕೀಲೆ ಕೇಸಿನ ಜೊತೆಗೇ ಕೋರ್ಟಿಗೆ ಕೊಟ್ಟಿದ್ದಳು, ಆ ಚೀಟಿಯ ಆಧಾರದ ಮೇಲೆ, ಪ್ರಯಾಣಿಕರನ್ನು ಒಯ್ಯುವ ಗಾಡಿ ಓಡಿಸಲು ಅವರು ಅನರ್ಹರು ಎಂದು ಬರೆದಿತ್ತು. ಕುಡಿದಿದ್ದಾನೆ ಎಂದು ಕಿತ್ತುಕೊಳ್ಳಲು ಆಗಲಿಲ್ಲ. ಊದಲು ಆಗುವುದಿಲ್ಲ ಎಂದು ತೋರಿಸಲು ಕೊಟ್ಟ ಚೀಟಿಯಿಂದಲೇ ಕಿತ್ತುಕೊಂಡರು. ಈ ಕಾಗದವನ್ನು ನಾನು ಪೂರ್ತಿ ಓದಿದೆ. ಮೂರು ಸಲ ಓದಿದೆ.

ನಾನು ಗಾಡಿ ಓಡಿಸುವುದನ್ನು ಕಲಿತೆ. ಐದು ತಿಂಗಳು ಹಿಡಿಯಿತು. ಎರಡು ಸಲ ಫೇಲಾದೆ. ಈಗ ವ್ಯಾನು ನಾನು ಓಡಿಸುತ್ತೇನೆ. ಪೊಲೀಸರು ಇವತ್ತಿಗೂ ನಮ್ಮ ಸೇತುವೆಯ ಬಳಿಯೇ ನಿಲ್ಲುತ್ತಾರೆ. ರೇಸ್ ಮೈದಾನದ ರಸ್ತೆಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ನನಗೆ ಊದು ಎನ್ನುತ್ತಾರೆ. ಊದುತ್ತೇನೆ. ತಮ್ಮನಿಗಾಗಿ ಊದುತ್ತೇನೆ. ಆಮೇಲೆ ಯಂತ್ರದಲ್ಲಿ ಬಂದ ಅಂಕಿ ತೋರಿಸಿ ಎನ್ನುತ್ತೇನೆ. ಸೊನ್ನೆ ನೋಡಿದ ಮೇಲೆಯೇ ಗೇರು ಹಾಕುತ್ತೇನೆ.

ಎಲ್ಲರೂ ವ್ಯಾನು ಹತ್ತುತ್ತಾರೆ. ಅಳಿಯ ಹತ್ತುವುದಿಲ್ಲ. ಅತ್ತೆ ಓಡಿಸುವ ಗಾಡಿಯಲ್ಲಿ ಅವರು ಕೂರುವ ಹಾಗಿಲ್ಲ. ಒಂಬತ್ತು ವರ್ಷ ಕೇರಿಯನ್ನೆಲ್ಲ ಹೊತ್ತು ತಂದವರು ಆಸ್ಪತ್ರೆಗೆ ಹೋಗಬೇಕಾದರೆ ಬೇರೆ ಗಾಡಿ ಬರುವ ತನಕ ಸೇತುವೆಯ ಬಳಿಯ ಮರದ ಕೆಳಗೆ ಕಾಯುತ್ತಾರೆ. ನಾನು ಬರುವ ಸದ್ದು ಕೇಳಿದರೆ ನದಿಯ ಕಡೆ ತಿರುಗಿ ಕೂರುತ್ತಾರೆ ಎಂದು ಹಿಂದೆ ಕೂತವರು ಹೇಳುತ್ತಾರೆ. ನಾನು ರಸ್ತೆ ಮಾತ್ರ ನೋಡುತ್ತೇನೆ.

ನನ್ನನ್ನು ಆ ಕೆಲಸಕ್ಕೆ ಯಾಕೆ ಆರಿಸಿದರು ಎಂದು ನನಗೆ ಗೊತ್ತಿಲ್ಲ. ನಾನು ಸಹಿ ಹಾಕುವಾಗ ಕಾಗದದ ಕೆಳಗಿನ ಸಾಲುಗಳು ಬರೆದಾಗಿತ್ತೋ, ಆಮೇಲೆ ಬರೆದರೋ ಗೊತ್ತಿಲ್ಲ. ನಾನು ಕೆಳಗೆ ನೋಡಿರಲಿಲ್ಲ. ಆವತ್ತು ಅಳಿಯ ಕೊಳವೆಯನ್ನು ಬಾಯಿಗೆ ಇಟ್ಟುಕೊಂಡರೋ ಇಲ್ಲವೋ, ಆ ಕೆಮ್ಮು ಊದಲು ಹೋಗಿ ಬಂದದ್ದೋ, ಊದುವುದಿಲ್ಲ ಎಂದು ತೋರಿಸಲು ಕೆಮ್ಮಿದ್ದೋ, ಅದೂ ಗೊತ್ತಿಲ್ಲ. ಅವರನ್ನು ಕೇಳುವ ಹಾಗಿಲ್ಲ. ಬೇರೆ ಯಾರೂ ಕೇಳುವುದಿಲ್ಲ.